ಪಾರ್ವತಮ್ಮನ ಬಾವಿಯ ಹುಳುಗಳು

ತಾನಿಲ್ಲದಿದ್ದರೆ ಈ ಲೋಕದ ಒಂದು ಮೂಲೆಯಾದರೂ ನಿಂತುಹೋಗುತ್ತದೆ ಎಂಬ ಭ್ರಮೆ ಪ್ರತಿಯೊಬ್ಬರಿಗೂ ಇರುತ್ತದೆ. ಇರಬೇಕು ಕೂಡ. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುವವರು ಯಾರು? ನಮ್ಮ ಬೀದಿಗೆ ಹಾಲು ಹಾಕುವವನಿಗೆ ತಾನು ಒಂದು ದಿನ ತಪ್ಪಿಸಿದರೆ ಶಿಕಾರಿಪುರದಲ್ಲಿ ಯಾರೂ ಚಹಾ ಕುಡಿಯಲಾರರು ಎಂಬ ನಂಬಿಕೆ. ನಮ್ಮ ಯಜಮಾನರು ನಿವೃತ್ತ ಹೈಸ್ಕೂಲು ಮೇಷ್ಟ್ರು. ತಾವು ಓದದ ದಿನ ಪತ್ರಿಕೆ ಸುಮ್ಮನೆ ಅಚ್ಚಾಯಿತು ಎಂದು ಅವರ ನಂಬಿಕೆ. ನನ್ನದು ಇವೆಲ್ಲಕ್ಕಿಂತ ಸಣ್ಣದು, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ನೀರಿನಲ್ಲಿ ಏನೇನು ಈಜುತ್ತಿದೆ ಎಂದು ಎಣಿಸಬಲ್ಲವಳು ನಾನೊಬ್ಬಳೇ ಎಂದು ನಾನು ನಂಬಿಕೊಂಡಿದ್ದೆ.

ನನ್ನ ಕೆಲಸವೇ ಅದು. ನೀರು ಪರೀಕ್ಷಿಸುವ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ. ಯಾವ ಪ್ರಯೋಗಾಲಯ ಎಂದು ಮಾತ್ರ ಕೇಳಬೇಡಿ, ಮುಂದೆ ಓದಿದರೆ ಯಾಕೆಂದು ನಿಮಗೇ ತಿಳಿಯುತ್ತದೆ. ಕೆರೆಯದು, ಬಾವಿಯದು, ಬೋರಿನದು, ಟ್ಯಾಂಕಿನದು ಎಂದು ಬಾಟಲಿಗಳಲ್ಲಿ ನೀರು ಬರುತ್ತದೆ. ಅದನ್ನು ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಒಂದೊಂದು ಚೌಕವನ್ನೂ ನೋಡುತ್ತ ಪಾಚಿ ಎಷ್ಟು, ಹುಳು ಎಷ್ಟು ಎಂದು ಬಲಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತುತ್ತ ಹೋಗಬೇಕು. ಒತ್ತಿದಾಗಲೆಲ್ಲ ಟಿಕ್ ಎನ್ನುತ್ತದೆ, ಅಂಕಿ ಒಂದು ಹೆಚ್ಚುತ್ತದೆ. ಇಷ್ಟು ವರ್ಷ ಒತ್ತಿ ಒತ್ತಿ ನನ್ನ ಹೆಬ್ಬೆರಳು ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ಮದುವೆಯಾದ ಹೊಸತರಲ್ಲಿ ಯಜಮಾನರು ಅಂಜನಾಪುರದ ಕೆರೆಯ ಏರಿಯ ಮೇಲೆ ನನ್ನ ಕೈ ಹಿಡಿದುಕೊಂಡು ನಡೆಯುವ ಸಾಹಸ ಮಾಡಿದ್ದರು. ಸ್ವಲ್ಪ ದೂರ ಹೋದ ಮೇಲೆ, "ನಿನ್ನ ಹೆಬ್ಬೆರಳು ಯಾಕೆ ಹೀಗೆ ಕುಣೀತಿದೆ? ಹೆದರಿಕೆಯಾ?" ಎಂದು ಬಹಳ ಮೃದುವಾಗಿ ಕೇಳಿದರು. ನಾಚಿಕೊಂಡು ಸುಮ್ಮನಿದ್ದಿದ್ದರೆ ಅವರ ಮನಸ್ಸು ಉಳಿಯುತ್ತಿತ್ತು. "ಇಲ್ಲಾರೀ, ನೀರಲ್ಲಿ ಕೊಕ್ಕರೆ ಎಣಿಸ್ತಿದ್ದೆ" ಎಂದುಬಿಟ್ಟೆ. ಆಮೇಲೆ ಅವರು ಏರಿಯ ಮೇಲೆ ನನ್ನ ಕೈ ಹಿಡಿದದ್ದು ನೆನಪಿಲ್ಲ.

ಆ ಹನಿಯೊಳಗಿನ ಜೀವಿಗಳ ಮೇಲೆ ನನಗೆ ಪ್ರೀತಿ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅದರಲ್ಲೂ ರೋಟಿಫರ್ ಎಂಬುದೊಂದಿದೆ. ತಲೆಯ ಮೇಲೆ ಎರಡು ಪುಟ್ಟ ಚಕ್ರ ತಿರುಗಿಸಿಕೊಂಡು, ಏನೋ ತುರ್ತು ಕೆಲಸವಿರುವಂತೆ ಓಡಾಡಿಕೊಂಡಿರುತ್ತದೆ. ಹನಿಯ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ವಾಪಸು ಬರುತ್ತದೆ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗಲೆಲ್ಲ ನನಗೆ ಅದರ ನೆನಪಾಗಿ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಹೋದ ವರ್ಷ ಈ ರೋಟಿಫರುಗಳು ಜೋಡಿಯಾಗಿ ಬರತೊಡಗಿದವು. ಎಲ್ಲ ಕೆರೆಗಳಲ್ಲೂ ಅವಳಿ ಜವಳಿಗಳೇ! ಮೊದಲು ಗಾಜು ಒರೆಸಿದೆ, ಆಮೇಲೆ ಮಸೂರ ಒರೆಸಿದೆ, ಕಡೆಗೆ ಕಣ್ಣು ಒರೆಸಿದೆ. ದೋಷವಿದ್ದದ್ದು ಕಣ್ಣಿನಲ್ಲೇ. ನಮ್ಮದು ಒಂಟಿ ಕೊಳವೆಯ ಹಳೇ ಸೂಕ್ಷ್ಮದರ್ಶಕ, ನಾನು ಅದರಲ್ಲಿ ಮೊದಲಿನಿಂದಲೂ ಬಲಗಣ್ಣಿನಿಂದಲೇ ನೋಡಿದವಳು. ಆ ಬಲಗಣ್ಣಿಗೇ ಪೊರೆ ಬಂದಿತ್ತು. ಎಡಗಣ್ಣು ಚೆನ್ನಾಗಿಯೇ ಇತ್ತು, ಅದನ್ನು ಕೆಲಸಕ್ಕೆ ಹಚ್ಚಿ ನೋಡಿದೆ. ಇಪ್ಪತ್ತಾರು ವರ್ಷ ಮುಚ್ಚಿಕೊಂಡು ಹಾಯಾಗಿದ್ದ ಸೋಮಾರಿ ಅದು; ಐದು ನಿಮಿಷಕ್ಕೆ ನೀರು ಸುರಿಸಿ, ತಲೆ ತಿರುಗಿಸಿ, ನನ್ನನ್ನು ಬೆಂಚಿಗೆ ಒರಗಿಸಿತು.

ಆಸ್ಪತ್ರೆಗೆ ಹೋಗಿ ತೋರಿಸಬಹುದಿತ್ತು. ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನನಗೆ ಹೆದರಿಕೆಯಾಗಿತ್ತು. ಆ ಕಟ್ಟಡದಲ್ಲಿ ನಾನೆಂದರೆ ಒಂದು ಕಣ್ಣು, ಅಷ್ಟೇ. ಅದೂ ಹೋಯಿತೆಂದರೆ ಉಳಿಯುವುದು ಬರೀ ಒಂದು ಹೆಬ್ಬೆರಳು. ಹಾಗಾಗಿ ಒಂದೊಂದು ಬಾಟಲಿಯನ್ನು ಮೂರು ಮೂರು ಸಲ ಎಣಿಸಿ, ಸಂಜೆ ತಲೆನೋವು ಹೊತ್ತುಕೊಂಡು ಮನೆಗೆ ಬರುತ್ತಿದ್ದೆ. ಮನೆಯಲ್ಲೂ ಗೊತ್ತಾಗಲಿಲ್ಲವೆಂದೇ ತಿಳಿದಿದ್ದೆ. ಆ ತಲೆನೋವಿನಲ್ಲೇ ಅಕ್ಕಿ ಆರಿಸಿ ಅಡುಗೆ ಮಾಡಿದಾಗ ಒಂದೆರಡು ಸಲ ಊಟದ ಮಧ್ಯೆ ಯಜಮಾನರ ಬಾಯಲ್ಲಿ ಕಟಕ್ ಎಂದದ್ದುಂಟು. ಅವರು ಕಲ್ಲನ್ನು ತಟ್ಟೆಯ ಅಂಚಿಗಿಟ್ಟು, ಏನೂ ಆಗದವರಂತೆ ಸಾರು ಕೇಳುತ್ತಿದ್ದರು. ಆಮೇಲೆ ಆ ಸದ್ದು ನಿಂತಿತು. ಅಂಗಡಿಯವನು ಒಳ್ಳೆಯ ಅಕ್ಕಿ ತರಿಸಿದ್ದಾನೆ ಎಂದುಕೊಂಡೆ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿಗೆ ಯಂತ್ರ ಬಂತು. ಹೊಲಿಗೆ ಯಂತ್ರದಷ್ಟು ದೊಡ್ಡದು, ಪಕ್ಕದಲ್ಲಿ ಒಂದು ಅಗಲವಾದ ಪರದೆ. ಕೂರಿಸಲು ಬಂದ ಕಂಪನಿಯವರು ಇಡೀ ದಿನ ನನಗೆ ಪಾಠ ಮಾಡಿದರು. ಎರಡು ತೆಳು ಗಾಜುಗಳ ನಡುವೆ ನೀರು ಎಳೆಯಾಗಿ ಹರಿಯುತ್ತದೆ. ಅದರಲ್ಲಿ ತೇಲಿಬರುವ ಪ್ರತಿಯೊಂದು ಕಣದ ಫೋಟೋವನ್ನೂ ಕ್ಯಾಮರಾ ತೆಗೆಯುತ್ತದೆ. ಕಂಪ್ಯೂಟರು ತಾನು ಕಲಿತ ಚಿತ್ರಗಳ ಜೊತೆ ಅದನ್ನು ಹೋಲಿಸಿ ಇದು ಪಾಚಿ, ಇದು ಹುಳು, ಇದು ಬರೀ ಮಣ್ಣು ಎಂದು ವಿಂಗಡಿಸಿ ಎಣಿಸುತ್ತದೆ. ನಾನು ಅರ್ಧ ದಿನ ಮಾಡುವ ಕೆಲಸ ಅದಕ್ಕೆ ಹತ್ತು ನಿಮಿಷದ್ದು. "ಇದು ತಪ್ಪೇ ಮಾಡೋದಿಲ್ವಾ?" ಎಂದು ಸ್ವಲ್ಪ ಆಸೆಯಿಂದಲೇ ಕೇಳಿದೆ. "ಮಾಡ್ತದೆ ಮೇಡಂ. ಅದಕ್ಕೇ ಎಲ್ಲಾ ಫೋಟೋ ಇಟ್ಟಿರ್ತದೆ. ಸಹಿ ಮಾಡೋ ಮುಂಚೆ ನೀವೊಂದ್ಸಲ ಕಣ್ಣಾಡಿಸಬೇಕು. ತಪ್ಪು ತೋರಿಸಿಕೊಟ್ರೆ ಕಲಿತುಕೊಳ್ತದೆ" ಎಂದರು.

ನನಗೆ ಸಿಟ್ಟೂ ಬಂತು, ಸದ್ಯ ಬದುಕಿದೆ ಎಂದೂ ಅನ್ನಿಸಿತು. ನನ್ನ ಕೆಲಸವನ್ನು ಅದು ಕಿತ್ತುಕೊಂಡಿತ್ತು, ನನ್ನ ಗುಟ್ಟನ್ನು ಅದೇ ಕಾಪಾಡಿತ್ತು. ಅಂದಿನಿಂದ ನೀರು ಹಾಕುವುದು, ಗುಂಡಿ ಒತ್ತುವುದು, ಹೊರಬಂದ ವರದಿಗೆ ಸಹಿ ಮಾಡುವುದು, ಇಷ್ಟೇ ನನ್ನ ಕೆಲಸವಾಯಿತು. ಫೋಟೋಗಳನ್ನು ಮಾತ್ರ ತೆರೆದು ನೋಡಲಿಲ್ಲ. ಸವತಿ ಮಾಡಿದ ಅಡುಗೆಯ ಉಪ್ಪು ನೋಡುವ ಗರಜು ನನಗೇನಿದೆ ಎಂದು ಬಿಗುಮಾನ. ಬಿಗುಮಾನದ ಕೆಳಗೆ ಇನ್ನೊಂದು ಭಯವೂ ಇತ್ತು. ನೋಡಿಯೂ ಗುರುತು ಸಿಗದೆ ಹೋದರೆ?

ಹೀಗಿರುವಾಗ ನಮ್ಮ ಹನುಮಂತಪ್ಪ ಜಡೆಯ ಹತ್ತಿರದ ಒಂದು ಹಳ್ಳಿಯಿಂದ ಬಾವಿ ನೀರು ತಂದ. ಹಳ್ಳಿ ಹಳ್ಳಿ ತಿರುಗಿ ನೀರಿನ ಮಾದರಿ ತರುವುದು ಅವನ ಕೆಲಸ. ಊರಿಗೆಲ್ಲ ಬೇಕಾದ ಮನುಷ್ಯ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಯಂತ್ರ ಆ ನೀರನ್ನು ಕುಡಿದು 'ಹುಳು ವರ್ಗ: ನೂರಾ ಎಂಬತ್ತು' ಎಂದಿತು. ಅಬ್ಬಬ್ಬಾ ಎಂದುಕೊಂಡು ಸಹಿ ಹಾಕಿದೆ. ನಿಯಮದ ಪ್ರಕಾರ ಬಾವಿಯ ಕಟ್ಟೆಗೆ ಕೆಂಪು ಬಣ್ಣದ ಗುರುತು ಹಾಕಿ 'ಕುಡಿಯಲು ಯೋಗ್ಯವಲ್ಲ' ಎಂದು ಬರೆಸಬೇಕು. ಹನುಮಂತಪ್ಪನೇ ಹೋಗಿ ಬರೆದು ಬಂದ.

ವಾರದ ನಂತರ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಮಾತಿಗೆ ಬರವಿಲ್ಲದ ಮನುಷ್ಯ ಅಂದು ಟೋಪಿ ತಿರುವುತ್ತಿದ್ದ.

"ಮೇಡಂ, ಆ ಪಾರ್ವತಮ್ಮ ಅಳಾಕ ಹತ್ಯಾರ್ರೀ."

"ಯಾವ ಪಾರ್ವತಮ್ಮ?"

"ಅದೇ, ಕೆಂಪು ಬಣ್ಣ ಹೊಡದ್ನೆಲ್ರೀ, ಆ ಬಾವಿಯೋರು. ಅವರ ಮನಿ ಮುಂದ ಬಸ್ ನಿಲ್ತೈತಿ. ಸೊರಬಕ್ಕ ಹೋಗೋರು ಬಸ್ ಕಾಯ್ಕೊಂತ ಅವರ ಕಟ್ಟಿ ಮ್ಯಾಲ ಕುಂದರ್ತಾರ. ಕುಂತೋರಿಗೆಲ್ಲ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಅವರತ್ತಿ ಕಾಲದಿಂದ ನಡಕೊಂಡು ಬಂದದ್ರೀ. ಈಗ ಎಂಟು ದಿನ ಆತು, ಒಬ್ರೂ ನೀರು ಕೇಳಿಲ್ಲಂತ. ಬಿಸ್ಲಾಗ ನಿಂತಾರ, ಕಟ್ಟಿಗೆ ಬರವಲ್ರು."

ಅಷ್ಟೇ ಆಗಿದ್ದರೆ ಪಾರ್ವತಮ್ಮ ತಡೆದುಕೊಳ್ಳುತ್ತಿದ್ದರೇನೋ. ಅವರ ಮಗಳು ಚೊಚ್ಚಲ ಬಸುರಿ. ಇನ್ನು ಇಪ್ಪತ್ತು ದಿನಕ್ಕೆ ತವರಿನಲ್ಲಿ ಸೀಮಂತ. ಬಳ್ಳಿಗಾವಿ ಕಡೆಯ ಬೀಗರಿಗೂ ಈ ಕೆಂಪು ಬಣ್ಣದ ಸುದ್ದಿ ಮುಟ್ಟಿ, "ನೀವೇನೂ ತಿಳ್ಕೋಬ್ಯಾಡ್ರಿ, ನಾವು ಬರ್ತಾ ಕ್ಯಾನಿನ ನೀರು ತರ್ತೀವಿ" ಎಂದು ಹೇಳಿಕಳಿಸಿದ್ದರು. ಮನೆಗೆ ಬರುವ ಬೀಗರು ತಮ್ಮ ನೀರನ್ನು ತಾವೇ ಹೊತ್ತು ತರುವುದೆಂದರೆ! ಪಾರ್ವತಮ್ಮ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಬಾವಿಯ ನೀರನ್ನೆಲ್ಲ ಪಂಪು ಹಚ್ಚಿ ಖಾಲಿ ಮಾಡಿಸಿ, ಕೆಸರು ಎತ್ತಿಸಿ, ಬ್ಲೀಚಿಂಗ್ ಪುಡಿ ಹಾಕಿಸಿದ್ದರು. ಹೊಸದಾಗಿ ಬಂದ ನೀರನ್ನು ಹನುಮಂತಪ್ಪನ ಕೈಗೆ ಕೊಟ್ಟು, ಇನ್ನೊಮ್ಮೆ ನೋಡಿಸಿ ಎಂದು ಕೈ ಮುಗಿದಿದ್ದರು.

ಯಂತ್ರ ಎರಡನೇ ಬಾಟಲಿಯನ್ನೂ ಕುಡಿಯಿತು. ಈ ಸಲ ಮುನ್ನೂರ ಹತ್ತು.

ಹನುಮಂತಪ್ಪ ಅಂಕಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ನಾನು ಬಾಟಲಿಯನ್ನು ಮೂಗಿಗೆ ಹಿಡಿದೆ. ಬ್ಲೀಚಿಂಗ್ ವಾಸನೆ ನೆತ್ತಿಗೇರಿತು. ಕಣ್ಣು ಕೆಟ್ಟಿರಬಹುದು, ಮೂಗು ಕೆಟ್ಟಿರಲಿಲ್ಲ. ಇಷ್ಟು ಖಾರದ ನೀರಿನಲ್ಲಿ ಯಾವ ಹುಳು ಸಂಸಾರ ಹೂಡೀತು? ಆಗಲಾದರೂ ಫೋಟೋ ತೆರೆದು ನೋಡಬೇಕಿತ್ತು. ಕೈ ಗುಂಡಿಯ ತನಕ ಹೋಗಿ ವಾಪಸು ಬಂತು. "ನಾಳೆ ನಾನೇ ಬರ್ತೀನಿ, ನೀರು ನಾನೇ ತಗೋತೀನಿ" ಎಂದೆ. ಕೈಗೆಟುಕುವ ಪರದೆಯನ್ನು ನೋಡಲಾರದೆ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಷ್ಟು ದೂರ ಹೋಗಲು ಸಿದ್ಧಳಾದೆ ನೋಡಿ.

ಪಾರ್ವತಮ್ಮನವರಿಗೆ ಅರವತ್ತರ ಮೇಲಾಗಿರಬಹುದು. ಹಣೆಯ ಮೇಲೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮನೆ ತುಂಬ ಜನ, ಹಿಂದಿನ ಕೊಟ್ಟಿಗೆ ತುಂಬ ಕುರಿ. ನಾನು ಯಾರೆಂದು ಹನುಮಂತಪ್ಪ ಹೇಳಿದ. ಬೈಯುತ್ತಾರೆಂದು ಸಿದ್ಧಳಾಗಿದ್ದೆ. ಅವರು ಚಾಪೆ ಹಾಸಿದರು. ಅಭ್ಯಾಸಬಲದಿಂದ ಬೆಲ್ಲದ ತಟ್ಟೆ ಎತ್ತಿಕೊಂಡು ಬಂದವರು, ನೀರಿನ ಚೊಂಬಿಗೆ ಕೈ ಹಾಕಿ, ತಡೆದು, ಅದನ್ನು ಅಲ್ಲೇ ಇಟ್ಟರು.

"ನಿಮಗೆ ನೀರು ಹ್ಯಾಂಗೆ ಕೊಡ್ಲಿ ತಾಯಿ? ಚಹಾ ಮಾಡಿಸ್ತೀನಿ, ಹಾಲಲ್ಲೇ ಮಾಡಿಸ್ತೀನಿ."

ಆ ಮಾತು ಕೇಳಿ ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಚಹಾ ತಂದುಕೊಟ್ಟು ಅವರೇ ಕೇಳಿದರು.

"ಆ ಹುಳಾನ ನೀವೇ ಕಣ್ಣಾರೆ ನೋಡಿದ್ರೇನ್ರೀ?"

"ನೋಡಿದೆ" ಎಂದೆ. ಇಪ್ಪತ್ತಾರು ವರ್ಷದಲ್ಲಿ ಮಾಡಿದ ಮೊದಲ ಸುಳ್ಳು ಎಣಿಕೆ ಅದು.

"ಹ್ಯಾಂಗಿದ್ವು?"

"ಬೆಳ್ಳಗೆ. ಉದ್ದಕ್ಕೆ."

ಅವರು ತಲೆ ತಗ್ಗಿಸಿದರು. "ನಮ್ಮತ್ತೆ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದ್ರು. ನನ್ನ ಕೈಯಾಗೇ ಕೆಡಬೇಕಾಯ್ತಾ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಗಡಿಬಿಡಿಯಲ್ಲಿ ಬಾಟಲಿ ಹೊರತೆಗೆದು, "ಇನ್ನೊಂದ್ಸಲ ನೀರು ತಗೊಳ್ಳೋಣ" ಎಂದೆ. ಅವರು "ಇರಿ, ಬಂದೆ" ಎಂದು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಅಚ್ಚ ಬಿಳಿಯ ಹೊಸ ಬಟ್ಟೆ. ಅದನ್ನು ಒದರಿ, ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ ಬಾಟಲಿಯ ಬಾಯಿಗೆ ಕಟ್ಟತೊಡಗಿದರು.

"ಇದೇನ್ರೀ ಮಾಡ್ತಿದೀರಿ?"

"ಸೋಸೋದು ಬ್ಯಾಡ್ವಾ? ಸೋಸದೇ ಇರೋ ನೀರನ್ನ ಯಾರಾದ್ರೂ ಮಂದಿಗೆ ಕೊಡ್ತಾರೇನ್ರೀ? ದಿನಾ ಸೋಸೋ ಅರಿವೆ ಹಳೇದಾಗಿ ಕಪ್ಪಾಗೈತಿ. ಆಫೀಸಿಗೆ ಹೋಗೋ ನೀರಲ್ವಾ, ಅದಕ್ಕೇ ಸೀಮಂತಕ್ಕಂತ ತಂದಿಟ್ಟ ಹೊಸಾದು ತೆಗೆದೆ."

"ಮೊದಲಿನ ಎರಡು ಸಲವೂ ಇದರಲ್ಲೇ ಸೋಸಿದ್ರಾ?"

"ಹೌದನ್ರೀ. ಮೊದಲ ಸಲ ಎರಡು ಮಡಿಕೆ ಹಾಕಿದ್ದೆ. ಹುಳ ಅದಾವ ಅಂದ್ರಲ್ಲ, ಎರಡನೇ ಸಲ ನಾಕು ಹಾಕಿದೆ. ಇವತ್ತು ನೀವೇ ಬಂದೀರಿ, ಎಂಟು ಮಾಡೋಣಂತ."

ನಾನು ಹನುಮಂತಪ್ಪನ ಕಡೆ ತಿರುಗಿದೆ. ನೀರನ್ನು ತರುವವನೇ ಬಾವಿಯಿಂದ ನೇರ ತುಂಬಿಕೊಳ್ಳಬೇಕು, ಬಾಟಲಿಯನ್ನು ಬೇರೆಯವರ ಕೈಗೆ ಕೊಡಕೂಡದು ಎಂಬ ನಿಯಮ ಅವನಿಗೆ ಬಾಯಿಪಾಠ. ಅವನು ಸೂರಿನ ಜಂತಿಗಳನ್ನು ನೋಡುತ್ತಿದ್ದ. "ಅವಲಕ್ಕಿ ಕೊಟ್ಟಿದ್ರು ಮೇಡಂ. ನೀವು ತಿನ್ರಿ, ನಾ ತುಂಬಿ ತರ್ತೀನಂದ್ರು" ಎಂದ, ಜಂತಿಗಳಿಗೆ ಹೇಳುವಂತೆ.

ಹೊಸ ಹತ್ತಿ ಬಟ್ಟೆ. ಮಡಿಕೆ ಹೆಚ್ಚಿದಷ್ಟೂ ಎಳೆ ಬಿಡುತ್ತದೆ. ಬೆಳ್ಳಗೆ, ಉದ್ದಕ್ಕೆ! ಆ ಹೆಂಗಸು ಮರ್ಯಾದೆ ಹೆಚ್ಚಿಸಿದಷ್ಟೂ ನಾವು ಹುಳು ಹೆಚ್ಚಿಸಿದ್ದೆವು. ನನಗೆ ಅನುಮಾನ ಹುಟ್ಟಿತು, ಆದರೆ ನೋಡಿದ ಮೇಲಲ್ಲದೆ ಬಾಯಿ ಬಿಡಬಾರದೆಂದು ಆಗಲಾದರೂ ಬುದ್ಧಿ ಬಂತು. ಬಟ್ಟೆ ಬಿಚ್ಚಿಸಿ, ಬಾವಿಯ ನೀರನ್ನು ಹಾಗೆಯೇ ತುಂಬಿಕೊಂಡೆ. ಸೋಸದ ನೀರು ಶಿಕಾರಿಪುರದ ಆಫೀಸಿಗೆ ಹೋಗುತ್ತದಲ್ಲ ಎಂದು ಪಾರ್ವತಮ್ಮ ಬಸ್ಸು ಬರುವವರೆಗೂ ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತಿದ್ದರು.

ಮೂರನೇ ಬಾಟಲಿಗೆ ಯಂತ್ರ 'ಹುಳು ವರ್ಗ: ಸೊನ್ನೆ' ಎಂದಿತು. ನಾನು ಕನ್ನಡಕ ಒರೆಸಿಕೊಂಡು, ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿದು, ಹಳೆಯ ಎರಡು ಬಾಟಲಿಗಳ ಫೋಟೋ ತೆರೆದೆ. ಅಂಗೈ ಅಗಲದ ಚಿತ್ರಗಳು ಸಾಲು ಸಾಲಾಗಿ ಪರದೆಯ ಮೇಲೆ ಬಂದವು. ಒಂಟಿ ಕೊಳವೆಗೆ ಬಲಗಣ್ಣು ಅಂಟಿಸುವ ಗೊಡವೆಯಿಲ್ಲ. ಎರಡೂ ಕಣ್ಣು ಬಿಟ್ಟು ಕೂತರೆ ಸಾಕು, ಸೋಮಾರಿ ಎಡಗಣ್ಣು ಬಲಗಣ್ಣಿನ ಪಾಲನ್ನೂ ತಾನೇ ನೋಡಿಬಿಡುತ್ತಿತ್ತು. ತಿರುಚಿಕೊಂಡ ಎಳೆಗಳು, ಸೀಳಿದ ತುದಿಗಳು. ಹತ್ತಿಯ ನೂಲು ಎಂದು ಕಾಲೇಜಿನ ಮೊದಲ ವರ್ಷದವರೂ ಹೇಳಿಯಾರು. ಯಂತ್ರಕ್ಕೆ ಯಾರೂ ನೂಲು ಕಲಿಸಿರಲಿಲ್ಲ, ಉದ್ದಕ್ಕಿದ್ದದ್ದೆಲ್ಲ ಅದಕ್ಕೆ ಹುಳುವೇ. ಕಲಿಸಬೇಕಾದವಳು ಪಕ್ಕದಲ್ಲೇ ಮುಖ ಊದಿಸಿಕೊಂಡು ಕೂತಿದ್ದಳು. ಒಂದೊಂದು ಚಿತ್ರದ ಮೇಲೂ 'ಇದು ನೂಲು' ಎಂದು ಗುರುತು ಹಾಕುತ್ತ ಸಂಜೆ ಮಾಡಿದೆ. ಎದ್ದು ಹೋಗುವ ಮುಂಚೆ ಯಾವುದೋ ಕೆರೆಯ ಚಿತ್ರಗಳನ್ನೂ ಸುಮ್ಮನೆ ತೆರೆದೆ. ರೋಟಿಫರುಗಳು! ಜೋಡಿಯಲ್ಲ, ಒಂದೊಂದೇ, ತಲೆಯ ಮೇಲಿನ ಚಕ್ರದ ಕೂದಲು ಕೂಡ ಕಾಣುವಷ್ಟು ಸ್ಪಷ್ಟವಾಗಿ. ವರ್ಷದ ಮೇಲೆ ಅವುಗಳನ್ನು ಸರಿಯಾಗಿ ನೋಡಿದೆ. ಯಾರೂ ಇಲ್ಲದ್ದರಿಂದ ಸ್ವಲ್ಪ ಅತ್ತೆ.

ಮನೆಗೆ ಹೋಗಿ ಯಜಮಾನರ ಮುಂದೆ ಎಲ್ಲ ಹೇಳಿದೆ, ಕಣ್ಣಿನ ವಿಷಯವನ್ನೂ. ಅವರು ಪತ್ರಿಕೆ ಕೆಳಗಿಡಲಿಲ್ಲ. "ಎಂಟು ತಿಂಗಳಿಂದ ದಿನಾ ಮಧ್ಯಾಹ್ನ ಅಕ್ಕಿ ಆರಿಸಿಡ್ತಿರೋದು ಯಾರು ಅಂದ್ಕೊಂಡಿದ್ದೆ?" ಎಂದರು. ನಾನು ಅಂಗಡಿಯವನನ್ನು ಇಷ್ಟು ದಿನ ಹೊಗಳಿದ್ದು ವ್ಯರ್ಥವಾಯಿತು.

ಕೆಂಪು ಗುರುತು ಅಳಿಸಲು ಮೇಲಧಿಕಾರಿಗಳ ಒಪ್ಪಿಗೆ ಬರುವಷ್ಟರಲ್ಲಿ ಸೀಮಂತದ ದಿನವೇ ಬಂತು. ಅಂದು ಬೆಳಿಗ್ಗೆಯೇ ಹೊಸ ವರದಿ ಹಿಡಿದುಕೊಂಡು ಹೋದೆವು. ಹನುಮಂತಪ್ಪ ತಾನು ಬರೆದ ಕೆಂಪು ಅಕ್ಷರಗಳನ್ನು ಕಲ್ಲಿನಿಂದ ಉಜ್ಜುತ್ತ ಕೂತ. ನಾನು ಪಾರ್ವತಮ್ಮನನ್ನು ಪಕ್ಕಕ್ಕೆ ಕರೆದು, ನೂಲಿನ ಕತೆ, ಯಂತ್ರದ ಕತೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವರು ಮೊದಲು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

"ಅವತ್ತು ನೋಡಿದೆ ಅಂದೆನಲ್ಲ, ನಾನು ನೋಡಿರಲಿಲ್ಲ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಹೇಳಿಕೊಳ್ಳೋಕೆ ನಾಚಿಕೆಯಾಗಿ ನೋಡದೇ ಸಹಿ ಹಾಕಿದೆ. ತಪ್ಪು ನಂದು."

ಪಾರ್ವತಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣೊಳಗೆ ಇಣುಕಿದರು.

"ಅಯ್ಯೋ ನಿಮ್ಮ! ಮೊದಲೇ ಹೇಳಬಾರದೇನ್ರೀ? ನಾನೇ ಶಿಕಾರಿಪುರಕ್ಕೆ ಬಂದು ನೋಡಿಕೊಡ್ತಿದ್ದೆ."

ಅವರು ನನ್ನನ್ನು ಅಲ್ಲಿಯೇ ಕ್ಷಮಿಸಿದರು. ಆದರೆ ಬೀಗರಿಗೆ ಇದನ್ನು ಒಪ್ಪಿಸುವುದು ಬಾಕಿಯಿತ್ತು. ಬಳ್ಳಿಗಾವಿಯ ಗಾಡಿ ಬಂತು, ಮೊದಲು ಇಳಿದದ್ದು ನೀರಿನ ಕ್ಯಾನು. ನಾನು ವರದಿ ಬಿಚ್ಚಿಕೊಂಡು, ಕ್ಯಾಮರಾ, ಕಣ, ವರ್ಗೀಕರಣ ಎಂದು ಶುರುಮಾಡಿದೆ. ಬೀಗಿತ್ತಿಯ ಮುಖದಲ್ಲಿ ಅನುಮಾನ ಹೆಚ್ಚುತ್ತಲೇ ಹೋಯಿತು. ಪಾರ್ವತಮ್ಮ ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ, ಒಂದೇ ಉಸಿರಿಗೆ ಮುಗಿಸಿದರು:

"ನೀರಾಗೆ ಏನೂ ಇರಲಿಲ್ಲ ಬೀಗಿತ್ತಿ. ಈಯಮ್ಮಂಗೆ ಪಾಪ ಕಣ್ಣು ಕಾಣೋದಿಲ್ಲ."

ಚಪ್ಪರದಡಿಯ ಜನವೆಲ್ಲ ನನ್ನತ್ತ ತಿರುಗಿತು. ಹಾಗಲ್ಲ, ಒಂದೇ ಕಣ್ಣು, ಅದೂ ಪೂರ್ತಿಯಲ್ಲ, ಯಂತ್ರವೂ ಒಂದು ಇತ್ತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೀಗಿತ್ತಿ "ಅಯ್ಯೋ ಶಿವನೇ" ಎಂದು ಲೊಚಗುಟ್ಟಿ, ಪಾರ್ವತಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ಗಟಗಟ ಕುಡಿದರು. ಅವರ ಹಿಂದೆ ಗಾಡಿಯವರೆಲ್ಲ ಕುಡಿದರು. ಪಾರ್ವತಮ್ಮನ ಕಣ್ಣು ತುಂಬಿಬಂತು. ನಾನು ಬಾಯಿ ಮುಚ್ಚಿದೆ.

ಆಮೇಲೆ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ಓದುವವಳು ನಾನೇ. ಮೂರು ತಿಂಗಳಿಗೊಮ್ಮೆ ಆ ಬಾವಿಯ ನೀರು ತರಲು ಹನುಮಂತಪ್ಪನ ಬದಲು ನಾನೇ ಹೋಗುತ್ತೇನೆ. ಕಟ್ಟೆಯ ಮೇಲೆ ಜನ ತುಂಬಿರುತ್ತಾರೆ, ಬೆಲ್ಲ ನೀರು ಓಡಾಡುತ್ತಿರುತ್ತದೆ. ನಾನು ಹೋದೊಡನೆ "ಕಣ್ಣು ಕಾಣದ ಮೇಡಂ ಬಂದ್ರು, ಜಾಗ ಬಿಡ್ರಿ" ಎಂದು ಸರಿದು ಕೂರಿಸುತ್ತಾರೆ. ಶಿರಾಳಕೊಪ್ಪದ ಬಸ್ಸು ಬಂದಾಗ ಯಾರಾದರೊಬ್ಬರು ನನ್ನ ಮೊಣಕೈ ಹಿಡಿದು ಬಾಗಿಲಿಗೆ ಒಯ್ದು, "ಮೆಟ್ಲು ಐತಿ ನೋಡ್ರಿ, ಹುಷಾರು" ಎನ್ನುತ್ತಾರೆ. ಮೆಟ್ಟಿಲಿಗೆ ಅಂಟಿದ ಮಣ್ಣಿನ ಕಣವೂ ನನಗೆ ಚೆನ್ನಾಗಿ ಕಾಣುತ್ತದೆ. ಆದರೂ ಕಾಲಿನಿಂದ ತಡವಿ, ಒಂದು ಸಲ ತಪ್ಪಿದಂತೆ ಮಾಡಿ, ಆಮೇಲೆಯೇ ಹತ್ತುತ್ತೇನೆ.